ಅಕ್ಕನ ಕೈಗುಣ, ಮೀನಿನ ಒಂದು ಹನಿ ರಕ್ತ

ಮೀನುಮರಿ ಕೇಂದ್ರದ ಸಿಮೆಂಟು ತೊಟ್ಟಿಗಳ ಕಡೆ ಅಕ್ಕ ಹೋಗುವುದನ್ನು ಬಿಟ್ಟು ವರ್ಷದ ಮೇಲಾಗಿತ್ತು. ಬಿಟ್ಟಳು ಅನ್ನುವುದು ಮರ್ಯಾದೆಯ ಮಾತು. ನಿಜ ಹೇಳಬೇಕೆಂದರೆ ಬಿಡಿಸಿದರು. ಬಿಡಿಸಿದವನು ಬೇರೆ ಯಾರೂ ಅಲ್ಲ, ಆ ಕೇಂದ್ರ ನಡೆಸುವ ತಮ್ಮ, ಅವಳೇ ಎತ್ತಿ ಆಡಿಸಿ ಬೆಳೆಸಿದವನು.

ಹಿಂದೆ ಆ ಕೇಂದ್ರದಲ್ಲಿ ಅಕ್ಕನ ಕೈಗುಣವೆಂದರೆ ದೊಡ್ಡ ಹೆಸರು. ಮೊಟ್ಟೆಯ ಕಾಲ ಬಂದಾಗ ತಾಯಿಮೀನಿಗೆ ಮೊಟ್ಟೆ ಬಿಡಿಸುವ ಔಷಧದ ಸೂಜಿ ಚುಚ್ಚಿ, ಹೊತ್ತು ನೋಡಿ, ಒದ್ದೆ ಬಟ್ಟೆಯಲ್ಲಿ ಹಿಡಿದು ಹೊಟ್ಟೆಯನ್ನು ಮೆಲ್ಲಗೆ ಸವರಬೇಕು. ಆಗ ಮೊಟ್ಟೆ ಬೋಗುಣಿಗೆ ಸುರಿಯುತ್ತದೆ. ಕೊಂಚ ಜೋರಾಗಿ ಒತ್ತಿದರೂ ಮೀನು ಸಾಯುತ್ತದೆ. "ನಮ್ಮಕ್ಕ ಮುಟ್ಟಿದ್ರೆ ಕಲ್ಲೂ ಮೊಟ್ಟೆ ಇಡುತ್ತೆ" ಎಂದು ತಮ್ಮನೇ ಬಂದವರ ಮುಂದೆಲ್ಲ ಜಂಭ ಕೊಚ್ಚುತ್ತಿದ್ದ.

ಆಮೇಲೆ ಹಳೇ ತಾಯಿಮೀನುಗಳಿಗೆ ವಯಸ್ಸಾಯಿತೆಂದು ತಮ್ಮ ಹೊಸ ಹುಲ್ಲುಗೆಂಡೆಗಳನ್ನು, ಅಂದರೆ ಹುಲ್ಲು, ಕಳೆ ತಿಂದು ಬೆಳೆಯುವ ಮೀನುಗಳನ್ನು, ಸಾಕಿದ. ಅದೇನಾಯಿತೋ, ಅವು ಮೊಟ್ಟೆಯನ್ನೇ ಕೊಡಲಿಲ್ಲ. ಬೋಗುಣಿ ಖಾಲಿ. ಮುಂದಿನ ಸಲವೂ ಖಾಲಿ.

"ಹೊಟ್ಟೆ ಮೆತ್ತಗಿಲ್ಲ ಕಣೋ. ಇದರೊಳಗೆ ಮೊಟ್ಟೆನೇ ಇಲ್ಲ ಅನ್ಸುತ್ತೆ" ಎಂದಳು ಅಕ್ಕ.

ತಮ್ಮ ರೇಗಿದ. "ಇಷ್ಟು ದಪ್ಪ ಇದೆ, ಮೊಟ್ಟೆ ಇಲ್ದೆ ಏನು ಗಾಳಿ ತುಂಬಿದ್ಯಾ? ಆರಿಸಿ ಆರಿಸಿ ದಷ್ಟಪುಷ್ಟವಾಗಿರೋದನ್ನೇ ತಾಯಿಮೀನು ಅಂತ ಇಟ್ಕೊಂಡಿದೀನಿ. ಮೀನಿಗೇನೂ ಆಗಿಲ್ಲ. ಆಗಿರೋದು ನಿನ್ನ ಕೈಗೆ."

ತೊಟ್ಟಿಯ ಹತ್ತಿರ ಆಡಿದ ಮಾತು ಮನೆಯೊಳಗೂ ಬಂತು. ಅದೇ ಕಾಲಕ್ಕೆ ತಮ್ಮನ ಹೆಂಡತಿ ಹೆಣ್ಣುಮಗುವನ್ನು ಹೆತ್ತಿದ್ದಳು. ಅಕ್ಕ ಕೈ ತೊಳೆದು ಬಂದು ತೋಳು ಚಾಚಿದರೆ, "ಈಗ ತಾನೇ ಮಲಗಿದಾಳೆ ಅತ್ತಿಗೆ" ಎನ್ನುವಳು. ಮಲಗಿದ ಮಗು ಪಿಳಿಪಿಳಿ ಕಣ್ಣು ಬಿಟ್ಟು ನೋಡುತ್ತಿರುತ್ತಿತ್ತು! ಕೊನೆಗೊಂದು ದಿನ ಬಾಯಿಬಿಟ್ಟೇ ಹೇಳಿದಳು: "ಬೇಜಾರು ಮಾಡ್ಕೋಬೇಡಿ. ಕೈಗುಣ ಕೆಟ್ಟಿದೆ ಅಂತ ನಿಮ್ಮ ತಮ್ಮನೇ ಹೇಳ್ತಾರೆ. ಎಳೇ ಕೂಸು ನೋಡಿ, ನಂಗೆ ಭಯ."

ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದಳು, ನಂಬಿಬಿಟ್ಟಳು. ಹಿಂದಿನ ಕೋಣೆಯಲ್ಲಿ ಹರಿದ ಬಲೆ ಹೊಲಿಯುತ್ತ ಕೂತಳು. ಮಗು ಅಂಬೆಗಾಲಿಡುತ್ತ ಹೊಸ್ತಿಲವರೆಗೆ ಬಂದರೆ ತನ್ನ ಎರಡೂ ಕೈಗಳನ್ನು ಬಲೆಯಡಿ ಮುಚ್ಚಿಕೊಳ್ಳುತ್ತಿದ್ದಳು. ಮಗು ಸ್ವಲ್ಪ ಹೊತ್ತು ನೋಡಿ ವಾಪಸು ಹೋಗುತ್ತಿತ್ತು.

ಹೀಗಿರುವಾಗ ಮೀನುಗಾರಿಕೆ ಇಲಾಖೆಯ ಹೆಂಗಸೊಬ್ಬಳು ತೊಟ್ಟಿಯ ನೀರು ನೋಡಲು ಬಂದಳು. ಊರವರೆಲ್ಲ ಅವಳನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಹಿಂದೆ ಅಕ್ಕನ ಕೆಲಸ ನೋಡಿದ್ದವಳು. "ಅಕ್ಕ ಎಲ್ಲಿ?" ಎಂದು ಕೇಳಿದಳು. ತಮ್ಮ ಕೈಗುಣ ಕೆಟ್ಟ ಕಥೆ ಹೇಳಿದ.

ಡಾಕ್ಟ್ರಮ್ಮ ನಗಲಿಲ್ಲ. "ಈ ಮೀನುಗಳನ್ನ ಮರಿಯಾಗಿದ್ದಾಗ ಎಲ್ಲಿಂದ ತಂದ್ರಿ?"

"ಪೇಟೆ ವ್ಯಾಪಾರಿ ಹತ್ರ."

"ಅವನು ಕೆರೆಗಳಲ್ಲಿ ಕಳೆ ತಿನ್ನೋಕೆ ಬಿಡೋ ಮರೀನೂ ಮಾರ್ತಾನಲ್ವಾ? ಹಾಗಾದ್ರೆ ಮೊದ್ಲು ರಕ್ತ ನೋಡೋಣ."

"ಮೀನಿಗೆ ರಕ್ತ ಪರೀಕ್ಷೆನಾ? ನಾಳೆ ಬಿಪಿನೂ ನೋಡಿ, ಉಪ್ಪು ಕಮ್ಮಿ ತಿನ್ನು ಅಂತ ಹೇಳ್ತೀರಾ?" ತಮ್ಮ ತಾನೇ ನಕ್ಕ, ತಾನೊಬ್ಬನೇ.

ಮೇವಿನ ಕೋಣೆಯ ಮೇಜನ್ನು ಒರೆಸಿ ಸೂಕ್ಷ್ಮದರ್ಶಕ ಇಟ್ಟರು. ಡಾಕ್ಟ್ರಮ್ಮ ದಪ್ಪ ಮೀನೊಂದರ ಬಾಲದ ಬುಡದಿಂದ ಸಣ್ಣ ಸೂಜಿಯಲ್ಲಿ ಒಂದು ಹನಿ ರಕ್ತ ತೆಗೆದು ಮೀನನ್ನು ನೀರಿಗೆ ಬಿಟ್ಟಳು. ಅದು ಬಾಲ ಬಡಿದು ಹೊರಟೇಹೋಯಿತು. ವಯಸ್ಸಾಯಿತೆಂದು ಮೂಲೆಯ ತೊಟ್ಟಿಗೆ ತಳ್ಳಿದ್ದ, ಹಿಂದೆ ಮೊಟ್ಟೆ ಕೊಟ್ಟಿದ್ದ ಹಳೇ ಹುಲ್ಲುಗೆಂಡೆಯಿಂದಲೂ ಒಂದು ಹನಿ ತೆಗೆದಳು. ಎರಡನ್ನೂ ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಣ್ಣ ಹಾಕಿದಳು.

"ನೋಡಿ. ಮೀನಿನ ಕೆಂಪು ಕಣದ ನಡುವೆ ಒಂದು ಬೀಜ ಕಾಣುತ್ತೆ. ಅದರೊಳಗೆ ಕ್ರೋಮೋಸೋಮ್ ಅಂತ ಎಳೆಗಳಿರ್ತಾವೆ. ತಾಯಿ ಕಡೆಯಿಂದ ಒಂದು ಕಟ್ಟು, ತಂದೆ ಕಡೆಯಿಂದ ಒಂದು ಕಟ್ಟು. ನಿಮ್ಮ ದಪ್ಪ ಮೀನಲ್ಲಿ ಮೂರನೇ ಕಟ್ಟು ಸೇರಿದೆ. ಸಾಮಾನು ಜಾಸ್ತಿ ಆದ್ರೆ ಚೀಲಾನೂ ದೊಡ್ಡದಾಗ್ಬೇಕಲ್ವಾ? ಹಳೇ ಮೀನಿನ ಕಣ ನೋಡಿ, ಆಮೇಲೆ ಇದನ್ನ ನೋಡಿ."

ತಮ್ಮ ಒಂದು ಕಣ್ಣು ಮುಚ್ಚಿ ನೋಡಿದ. ದಪ್ಪ ಮೀನಿನ ಕಣಗಳು ಎದ್ದು ಕಾಣುವಷ್ಟು ಉದ್ದ, ಬೀಜಗಳೂ ದೊಡ್ಡವು. ಕಣ್ಣಂದಾಜು ಸಾಲದೆಂದು ಡಾಕ್ಟ್ರಮ್ಮ ಸೂಕ್ಷ್ಮದರ್ಶಕದ ಕಣ್ಣುಗಾಜಿನೊಳಗಿನ ಅಳತೆಗೆರೆ ಹಿಡಿದು ಅಳೆದೂ ತೋರಿಸಿದಳು.

"ಕೆರೇಲಿ ಸಂತಾನ ಹೆಚ್ಚಬಾರದು ಅಂತ ಬೇಕಂತಲೇ ಇಂಥ ಮರಿ ಮಾಡ್ತಾರೆ. ತಿನ್ನೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಇದರ ಹೆಣ್ಣು ಮೊಟ್ಟೆ ಕಟ್ಟಲ್ಲ. ತಿಂದಿದ್ದೆಲ್ಲ ಮೈಗೇ ಹೋಗುತ್ತೆ. ನೀವು ದಪ್ಪ ನೋಡಿ ನೋಡಿ ಇದನ್ನೇ ಆರಿಸಿದ್ರಿ."

"ಒಂದು ಹಾಗಿದ್ರೆ ಎಲ್ಲಾನೂ ಹಾಗೇನಾ?"

"ಅದಕ್ಕೇ ಒಂದೊಂದನ್ನೂ ನೋಡ್ಬೇಕು."

ನೋಡಿದರು. ಆರಿಸಿ ಇಟ್ಟಿದ್ದ ಅಷ್ಟೂ ತಾಯಿಮೀನುಗಳದ್ದೂ ಅದೇ ಕಥೆ.

"ಇವುಗಳ ಜೊತೆ ಬಂದಿದ್ದ ತೆಳ್ಳಗಿನವನ್ನ ಏನು ಮಾಡಿದ್ರಿ? ಅವುಗಳಲ್ಲಿ ಮೊಟ್ಟೆ ಕೊಡೋವು ಇದ್ದಿರ್ಬೋದು."

"ಸಂತೆಗೆ ಹಾಕ್ಬಿಟ್ಟೆ" ಎಂದ ತಮ್ಮ.

ಆಮೇಲೆ ಮನೆಗೆ ಬಂದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ: "ಅಕ್ಕಾ, ನಿನ್ನ ಕೈದೇನೂ ತಪ್ಪಿಲ್ವಂತೆ."

ಅಕ್ಕ ಬಲೆಯಿಂದ ತಲೆ ಎತ್ತಲಿಲ್ಲ. "ಇಲ್ವಂತೆ! ಹೊಟ್ಟೆ ಮೆತ್ತಗಿಲ್ಲ ಅಂತ ನಾನೂ ಬಡ್ಕೊಂಡೆ ಕಣೋ. ನಾನು ಹೇಳಿದ್ದು ನಿನ್ನ ಕಿವಿಗೆ ಬೀಳ್ಲಿಲ್ಲ. ಮೀನಿನ ರಕ್ತ ಹೇಳಿದ್ಮೇಲೆ ಬಿತ್ತಾ?"

ಹಿಂದೆಯೇ ಅವನ ಹೆಂಡತಿ ಬಂದು, "ತಪ್ಪಾಯ್ತು ಅತ್ತಿಗೆ, ಎತ್ಕೊಳ್ಳಿ" ಎಂದು ಮಗುವನ್ನು ಅಕ್ಕನ ತೊಡೆಯ ಮೇಲೆ ಕೂರಿಸಿದಳು. ಅಕ್ಕ ಬಲೆ ಬದಿಗಿಟ್ಟು ಹಿಡಿದಳು, ಮೀನನ್ನು ಹಿಡಿಯುವಷ್ಟೇ ಮೆಲ್ಲಗೆ. ಮಗು ಅಷ್ಟು ಹತ್ತಿರದಿಂದ ಎಂದೂ ಕಾಣದ ಆ ಮುಖವನ್ನು ಒಮ್ಮೆ ನೋಡಿ, ಮೈ ಬಿಲ್ಲಾಗಿಸಿ, ಕಿಟಾರನೆ ಕಿರುಚಿ ತಾಯಿಯತ್ತ ಎರಡೂ ಕೈ ಚಾಚಿತು.

"ತಗೋ" ಎಂದಳು ಅಕ್ಕ. "ಅವಳಿಗೆ ನನ್ನ ರೂಢಿ ಇಲ್ಲ."

ಈಗ ಆ ಕೇಂದ್ರದಲ್ಲಿ ರಕ್ತ ನೋಡದೆ ಒಂದು ಮೀನನ್ನೂ ತಾಯಿಮೀನೆಂದು ಇಟ್ಟುಕೊಳ್ಳುವುದಿಲ್ಲ. ಅಕ್ಕ ಮತ್ತೆ ತೊಟ್ಟಿಯ ಬಳಿಗೆ ಬಂದಿದ್ದಾಳೆ. ಹೊಸದಾಗಿ ಆರಿಸಿ ತಂದ ಮೀನುಗಳಿಂದ ಬೋಗುಣಿ ಮತ್ತೆ ತುಂಬುತ್ತಿದೆ. ಜಂಭ ಕೊಚ್ಚಲು ಮಾತ್ರ ತಮ್ಮನಿಗೆ ಬಾಯಿ ಬರುವುದಿಲ್ಲ.

ಮೀನುಮರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಮೈ ದಪ್ಪ ನೋಡಿ ತಾಯಿಮೀನು ಆರಿಸಬೇಡಿ. ಮರಿ ಕೊಳ್ಳುವಾಗ ಯಾವ ಬಗೆಯದೆಂದು ಬಾಯಿಬಿಟ್ಟು ಕೇಳಿ. ಇಲಾಖೆಯವರನ್ನು ಕರೆಸಿ ಒಂದೊಂದು ಮೀನಿನ ರಕ್ತವನ್ನೂ ನೋಡಿಸಿ, ಅನುಮಾನ ಉಳಿದರೆ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ. ಒಂದು ಹನಿಯಿಂದ ಮೀನೇನೂ ಸಾಯುವುದಿಲ್ಲ. ಪರೀಕ್ಷೆಗೆ ಸೋಮಾರಿತನ ಮಾಡಿ ಮನೆಯವರ ಕೈಗೆ ಕೆಟ್ಟ ಹೆಸರು ಕಟ್ಟಬೇಡಿ. ಕಟ್ಟುವುದು ಸುಲಭ, ಬಿಚ್ಚುವುದು ಕಷ್ಟ. ಆ ಮಗು ಇವತ್ತಿಗೂ ಅತ್ತೆಯ ಹತ್ತಿರ ಹೋಗುವುದಿಲ್ಲ.