ಇಂಗ್ಲೆಂಡಿಗೆ ಹೋದ ನನ್ನ ಅಳು

ಜೂನ್ ತಿಂಗಳಲ್ಲಿ ನಾಟಕದ ಸೀಸನ್ ಮುಗಿದು, ಸೀರೆಗಳನ್ನೆಲ್ಲ ಒಗೆದು ಟ್ರಂಕಿಗೆ ಇಡುವಾಗ ನನ್ನ ಹಸಿರು ಜರಿ ಸೀರೆ ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆ. ಕದ್ದವಳು ಕೊಟ್ರಮ್ಮನೇ ಎಂದು ತೀರ್ಮಾನಿಸಿ, ಅವಳ ಮನೆ ಬಾಗಿಲಲ್ಲೇ ನಿಂತು ಜಗಳವಾಡಿ ಬಂದೆ. ಕೊಟ್ರಮ್ಮನೂ ನನ್ನ ಹಾಗೆಯೇ ಹಳ್ಳಿ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡುವವಳು. ಆ ಸೀರೆಯ ಮೇಲೆ ಅವಳಿಗೆ ಮೊದಲಿಂದಲೂ ಕಣ್ಣಿತ್ತು. ಅವಳು ದೇವರ ಮೇಲೆ ಆಣೆ ಮಾಡಿದಳು. ಪಾತ್ರಧಾರಿಯ ಆಣೆಯನ್ನು ಇನ್ನೊಬ್ಬ ಪಾತ್ರಧಾರಿ ನಂಬುತ್ತಾಳೆಯೇ? ನಾನು ನಂಬಲಿಲ್ಲ.

ನನ್ನ ಹೆಸರು ಚಂದ್ರಕ್ಕ. ಪೋಸ್ಟರಿನಲ್ಲಿ 'ಚಂದ್ರಕಲಾ, ಹಿರಿಯೂರು'. ನಮ್ಮ ಕಡೆ ಊರಿನ ಗಂಡಸರು ಮೂರು ತಿಂಗಳು ಮೇಷ್ಟ್ರನ್ನಿಟ್ಟುಕೊಂಡು ನಾಟಕ ಕಲಿಯುತ್ತಾರೆ, ಆದರೆ ತಮ್ಮ ಮನೆಯ ಹೆಣ್ಣುಮಕ್ಕಳನ್ನು ಸ್ಟೇಜ್ ಹತ್ತಿಸುವುದಿಲ್ಲ. ಅದಕ್ಕೆ ನಾವಿದ್ದೇವೆ. ಯಲ್ಲದಕೆರೆ, ಮತ್ತೋಡು, ತುರುವನೂರು, ಹೊಳಲ್ಕೆರೆ ಸುತ್ತಿನ ಹಳ್ಳಿಗಳು, ನಾನು ಅಳದ ಊರಿಲ್ಲ. ಇಪ್ಪತ್ತೆರಡು ವರ್ಷದಿಂದ ನನ್ನದು ಹೆಚ್ಚಾಗಿ ಅತ್ತಿಗೆ ಪಾತ್ರ. ಮೂರನೇ ಅಂಕದಲ್ಲಿ ಗಂಡ ಅನುಮಾನಪಟ್ಟು ಹೊರಗೆ ಹಾಕುತ್ತಾನೆ, ನಾನು ಹೊಸಲಿನ ಮೇಲೆ ಬಿದ್ದು ಅಳಬೇಕು.

ಸರಿಯಾಗಿ ಅದೇ ಹೊತ್ತಿಗೆ ಊರಿನ ಯಾರಿಗೋ ಅಭಿಮಾನ ಉಕ್ಕಿಬಿಡುತ್ತದೆ. ಹಾರ್ಮೋನಿಯಂ ನಿಲ್ಲುತ್ತದೆ, ಮೈಕಿನಲ್ಲಿ ಅವನ ಹೆಸರು ಕೂಗುತ್ತಾರೆ, ಅವನು ಸ್ಟೇಜ್ ಹತ್ತಿ ಬಂದು ನನ್ನ ಸೆರಗಿಗೆ ನೋಟು ಪಿನ್ ಮಾಡುತ್ತಾನೆ. ಬೇಗ ಪಿನ್ ಮಾಡಿ ಇಳಿಯುವವರು ಕಡಿಮೆ. ನಾನು ಎದ್ದು ಕಣ್ಣೊರೆಸಿಕೊಂಡು, ನಕ್ಕು ನಮಸ್ಕಾರ ಮಾಡಿ, ಮತ್ತೆ ಹೊಸಲ ಮೇಲೆ ಬಿದ್ದು, ಬಿಟ್ಟ ಶ್ರುತಿಯಿಂದಲೇ ಅಳು ಎತ್ತಿಕೊಳ್ಳುತ್ತೇನೆ. ಕೊಟ್ರಮ್ಮನಿಗೆ ಇದು ಬರುವುದಿಲ್ಲ. ಅವಳು ಪ್ರತಿ ಸಲವೂ ಮೊದಲಿಂದ ಅಳಲು ಶುರುಮಾಡುತ್ತಾಳೆ, ಜನ ನಗುತ್ತಾರೆ. ಅಳುವನ್ನು ಅಲ್ಲಲ್ಲೇ ಕಟ್ಟಿಟ್ಟು ಬಿಚ್ಚುವ ವಿದ್ಯೆ ಈ ಜಿಲ್ಲೆಯಲ್ಲಿ ನನ್ನೊಬ್ಬಳಿಗೇ ಇರುವುದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ಜೂನ್ ತಿಂಗಳಲ್ಲೇ ನನ್ನ ಮಗಳು ಬಿಂದು ಇಂಗ್ಲೆಂಡಿಗೆ ಹೋದದ್ದು. ಚಿತ್ರದುರ್ಗದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಳು. ಅವಳ ಮೇಷ್ಟ್ರು ನಾಗರಾಜ್ ಅರ್ಜಿ ಹಾಕಿಸಿ, ಅಲ್ಲಿನ ಒಂದು ಕಾಲೇಜಿನಲ್ಲಿ ಆರು ವಾರ ಸಾಹಿತ್ಯ ಮತ್ತು ನಾಟಕ ಕಲಿಯಲು ಸೀಟು ಕೊಡಿಸಿದ್ದರು. ಖರ್ಚೆಲ್ಲ ಆ ಕಾಲೇಜಿನದೇ. ಬೀದಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದೆ. ನಾಟಕ ಕಲಿಯೋಕೆ ಅಷ್ಟು ದೂರ ಯಾಕೆ, ಮನೆಯಲ್ಲೇ ಇದೆಯಲ್ಲ ಎಂದು ಕೆಲವರು ತಮಾಷೆ ಮಾಡಿದರು. ನನಗೂ ಒಳಗೊಳಗೆ ಹಾಗೇ ಅನಿಸಿತ್ತು.

ಫೋನಿನಲ್ಲಿ ಅವಳು ಹೇಳುತ್ತಿದ್ದ ಸುದ್ದಿ ಕೇಳಿದರೆ ನಗು ಬರುತ್ತಿತ್ತು. ಮೊದಲ ವಾರ ನೆಲದ ಮೇಲೆ ಮಲಗಿಸಿ ಉಸಿರಾಡುವುದನ್ನು ಕಲಿಸಿದರಂತೆ. ಅದನ್ನು ಕಲಿಯಲು ವಿಮಾನ ಹತ್ತಬೇಕಿತ್ತೇನೇ ಎಂದೆ. ಬೆಳಿಗ್ಗೆ ಪುಸ್ತಕ, ಮಧ್ಯಾಹ್ನ ನಾಟಕ. ಹಳೇ ನಾಟಕದ ನಾಲ್ಕು ಸಾಲನ್ನು ಹಿಡಿದುಕೊಂಡು ಇಡೀ ಬೆಳಿಗ್ಗೆ ಕೂರುತ್ತಿದ್ದರಂತೆ. ಇವಳು ಯಾಕೆ ಹೀಗಂದಳು, ಅನ್ನದೇ ಇದ್ದಿದ್ದರೆ ಏನಾಗುತ್ತಿತ್ತು, ಸುಮ್ಮನಿದ್ದವಳ ಮನಸ್ಸಿನಲ್ಲಿ ಏನಿತ್ತು ಎಂದು ವಾದ. ಅಷ್ಟು ಹೊತ್ತಿನಲ್ಲಿ ನಾನು ಒಂದು ಅಂಕ ಬಾಯಿಪಾಠ ಮಾಡುತ್ತೇನೆ.

ಎರಡನೇ ವಾರ ಅವಳಿಗೆ ಕೆಲಸದವಳ ಪಾತ್ರ ಕೊಟ್ಟರು. ದೀಪ ತಂದಿಟ್ಟು ಹೋಗಬೇಕು, ಒಂದು ಮಾತೂ ಇಲ್ಲ. ಅಲ್ಲಿನ ಟೀಚರಮ್ಮ, ನಿನ್ನ ದನಿ ಜಾಸ್ತಿ, ಕೈ ಜಾಸ್ತಿ, ಎಲ್ಲ ಕಡಿಮೆ ಮಾಡು ಎಂದಳಂತೆ. ಬಿಂದು ಅದನ್ನು ತಂದು ನನ್ನ ತಲೆಗೆ ಕಟ್ಟಿದಳು.

"ಇಲ್ಲಿ ಯಾರೂ ಹಂಗೆ ಕೂಗಲ್ಲ ಕಣಮ್ಮ. ನಾನು ಬಾಯಿ ಬಿಟ್ರೆ ನೀನೇ ಬರ್ತೀಯ. ಎಲ್ರೂ ನಗ್ತಾರೆ."

"ಮೈಕು ಕೆಟ್ರೂ ಕಡೇ ಸಾಲಿನ ಮುದುಕಿಗೆ ಕೇಳಿಸ್ಬೇಕು, ಅದಕ್ಕೆ ಕೂಗ್ತೀನಿ. ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ. ನಿಂಗೆ ಬರಲ್ಲ ಅನ್ನು, ನನ್ನ ದನಿಗೆ ಯಾಕೆ ಹೆಸ್ರಿಡ್ತೀಯ?"

ಅವಳೇ ಫೋನಿಟ್ಟಳು. ಎರಡು ವಾರ ಮಾತಿಲ್ಲ. ಕೊನೇ ವಾರ ಪ್ರತಿಯೊಬ್ಬರೂ ತಮ್ಮದೇ ಒಂದು ತುಣುಕು ಮಾಡಿ ತೋರಿಸಬೇಕಿತ್ತಂತೆ. ಏನು ಮಾಡಿದೆ ಎಂದರೆ, ಏನೋ ಸಣ್ಣದು ಎಂದು ಮಾತು ಹಾರಿಸಿದಳು.

ಸಣ್ಣದು ಏನೆಂದು ನನಗೆ ತೋರಿಸಿದವನು ಮಾರುತೇಶ್. ನಮ್ಮನ್ನು ಊರೂರಿಗೆ ಬುಕ್ ಮಾಡಿಸುವ ಏಜೆಂಟ್ ಅವನು. ಒಂದು ದಿನ ಮನೆಗೆ ಬಂದು ಮೊಬೈಲ್ ಹಿಡಿದ.

"ನೋಡ್ರಿ ಚಂದ್ರಕ್ಕ, ನಿಮ್ಮ ಮಗಳು. ಎಲ್ಲಾ ಗ್ರೂಪಲ್ಲೂ ಓಡಾಡ್ತೈತೆ."

ಎರಡು ನಿಮಿಷದ ವಿಡಿಯೋ. ಮೊದಲು ಕಂಡದ್ದೇ ನನ್ನ ಹಸಿರು ಸೀರೆ. ಚೂಡಿದಾರದ ಮೇಲೆ ಅದನ್ನು ಸುತ್ತಿಕೊಂಡು ಬಿಂದು ಹೊಸಲ ಸೀನ್ ಮಾಡುತ್ತಿದ್ದಳು. ಮುಷ್ಟಿಯನ್ನೇ ಮೈಕ್ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೆಸರು ಕೂಗುತ್ತಾಳೆ, ತಾನೇ ಸೆರಗಿಗೆ ಪಿನ್ ಚುಚ್ಚಿಕೊಳ್ಳುತ್ತಾಳೆ, ನಗುತ್ತಾಳೆ, ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಮುದುಡಿಕೊಂಡು ಅಳುತ್ತಾಳೆ. ಎದುರಿಗಿದ್ದ ಬಿಳಿ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಮೈ ಉರಿದುಹೋಯಿತು. ನಾನು ಇಪ್ಪತ್ತೆರಡು ವರ್ಷ ಎಲ್ಲಿಯೂ ತೋರಿಸದ ಅವಮಾನವನ್ನು ಅವಳು ಕಂಡವರ ಊರಿನಲ್ಲಿ ಕಂಡವರಿಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದಳು.

"ಹೊಸದುರ್ಗದ ಕಡೆಯೋರು ಫೋನ್ ಮಾಡಿದ್ರು. ನಮ್ಮೂರ ಗಂಡಸ್ರನ್ನ ಹಿಂಗೆ ತೋರ್ಸೋದಾದ್ರೆ ಆಕೆ ಬೇಡ, ಕೊಟ್ರಮ್ಮನ್ನ ಕಳ್ಸಿ ಅಂದ್ರು," ಎಂದ ಮಾರುತೇಶ್.

ಕೊಟ್ರಮ್ಮನನ್ನು. ಬಿಟ್ಟ ಅಳು ಎತ್ತಿಕೊಳ್ಳಲು ಬಾರದವಳನ್ನು.

ಆಗಸ್ಟಿನಲ್ಲಿ ಬಿಂದು ಬಂದಳು. ಬ್ಯಾಗು ಕೆಳಗಿಡುವ ಮೊದಲೇ ಕೇಳಿದೆ.

"ಸೀರೆ ನೀನು ತಗಂಡೋಗಿದ್ದಾ?"

"ಹ್ಞೂಂ."

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ."

"ಯಾಕೆ ಅಂತ ಕೇಳ್ತಿದ್ದೆ."

"ನಿನ್ನಿಂದ ಕೊಟ್ರಮ್ಮನ್ನ ಕಳ್ಳಿ ಅಂದೆ. ಅದು ಹೋಗ್ಲಿ. ನಾನು ಯಾವತ್ತೇ ನನ್ನ ಸಲುವಾಗಿ ಸ್ಟೇಜ್ ಮೇಲೆ ಅತ್ತಿದ್ದು? ಪಾತ್ರಕ್ಕೆ ಅತ್ತೆ. ನೀನು ನನ್ನನ್ನ ಪಾಪದ ಹೆಂಗಸು ಮಾಡಿ ಮಾರ್ಕೊಂಡು ಬಂದೀಯ."

"ನೀನು ನೋಡಿರೋದು ಎರಡು ನಿಮಿಷ."

"ಎರಡು ನಿಮಿಷವೇ ಇಷ್ಟು ಹೊಲಸಾಗೈತೆ, ಪೂರ್ತಿ ಬೇರೆ ನೋಡ್ಬೇಕಾ?"

ಅವಳು ಮುಂದೆ ಮಾತಾಡಲಿಲ್ಲ. ಅಲ್ಲಿಂದ ಕಲಿತು ಬಂದದ್ದು ಇದನ್ನೇ ಇರಬೇಕು, ಸುಮ್ಮನಿದ್ದು ಎದುರಿನವರನ್ನು ಕೊಲ್ಲುವುದು. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದೆವು. ವಾರದ ಮೇಲೆ, ಚಿತ್ರದುರ್ಗದ ಕಾಲೇಜಿನಲ್ಲಿ ಸನ್ಮಾನ ಇದೆ, ಅಲ್ಲಿ ಅದೇ ತುಣುಕನ್ನು ಕನ್ನಡದಲ್ಲಿ ಮಾಡುತ್ತೇನೆ ಎಂದು ಗೋಡೆಗೆ ಹೇಳುವಂತೆ ಹೇಳಿದಳು. ಮಾಡಬೇಡ ಎಂದೆ. ಮಾಡ್ತೀನಿ ಎಂದಳು. ಮಾಡಿದರೆ ಸ್ಟೇಜ್ ಹತ್ತಿ ಬಂದು ಇದು ಸುಳ್ಳು ಅಂತ ಹೇಳುತ್ತೇನೆ ಎಂದೆ. "ಬಾ," ಎಂದಳು.

ಹೋದೆ. ಮಾರುತೇಶನೂ ಬಂದಿದ್ದ, ಕೊಟ್ರಮ್ಮನೂ ಬಂದಿದ್ದಳು. ಅವಳು ಬೇಕೆಂದೇ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

"ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರೆ. ಸೀರೆಯಂತೂ ನಿಂದೇ ಬಿಡು," ಎಂದು ಕಿವಿಯಲ್ಲಿ ಚುಚ್ಚಿದಳು.

ನಾಗರಾಜ್ ಮೇಷ್ಟ್ರು ಇಂಗ್ಲೆಂಡಿನ ಬಗ್ಗೆ ಅರ್ಧ ಗಂಟೆ ಮಾತಾಡಿ ಇಳಿದರು. ಆಮೇಲೆ ಬಿಂದು ಬಂದಳು, ಚೂಡಿದಾರದ ಮೇಲೆ ಅದೇ ಹಸಿರು ಸೀರೆ. ಸ್ಟೇಜ್ ಮೇಲೆ ಒಂದು ಸ್ಟೂಲು ಬಿಟ್ಟರೆ ಏನಿಲ್ಲ. ಹಾರ್ಮೋನಿಯಂ ಇಲ್ಲ, ಪರದೆ ಇಲ್ಲ. ಮುಷ್ಟಿ ಮೈಕಿನಲ್ಲಿ ಒಂದೊಂದೇ ಹೆಸರು ಕೂಗಿದಳು, ಸೆರಗಿಗೆ ಒಂದೊಂದೇ ಪಿನ್ ಚುಚ್ಚಿಕೊಂಡಳು, ನಕ್ಕಳು. ಆಮೇಲೆ ಪಕ್ಕಕ್ಕೆ ಸರಿದು ಕುಕ್ಕರುಗಾಲಿನಲ್ಲಿ ಕೂತು, ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಅತ್ತಳು. ಒಂದು ಚೂರೂ ಸದ್ದಿಲ್ಲ. ಭುಜಗಳು ಮಾತ್ರ ಕುಣಿಯುತ್ತಿದ್ದವು.

ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುವ ನಟಿ ಎಲ್ಲಾದರೂ ಉಂಟೇ? ಇನ್ನು ಕೂರಲಾಗಲಿಲ್ಲ. ಮೆಟ್ಟಿಲು ಹತ್ತಿಬಿಟ್ಟೆ.

"ಇದು ಸುಳ್ಳು," ಎಂದು ಜನಕ್ಕೆ ಹೇಳಿದೆ. ಮೈಕ್ ಬೇಕಾಗಲಿಲ್ಲ. "ಆ ಹೆಂಗ್ಸು ನಾನೇ. ನಾನು ಹಿಂಗೆ ಅಳೋಳಲ್ಲ. ನೋಡ್ರಿ."

ಬಿದ್ದೆ. ಅತ್ತೆ. ಸಭೆ ಉಸಿರು ಬಿಗಿಹಿಡಿಯುವ ಮಟ್ಟಕ್ಕೆ ಅಳುವನ್ನು ಏರಿಸಿ, ಟಕ್ಕನೆ ನಿಲ್ಲಿಸಿ, ಎದ್ದು ನಕ್ಕು ಕೈಮುಗಿದೆ. ಮತ್ತೆ ಬಿದ್ದು ಅದೇ ಶ್ರುತಿಯಿಂದ ಎತ್ತಿಕೊಂಡೆ. ಹಾಲ್ ತುಂಬ ಚಪ್ಪಾಳೆ. ಕೊಟ್ರಮ್ಮನ ಮುಖ ನೋಡಿದೆ, ಸಣ್ಣಗಾಗಿತ್ತು. ಸೋತವಳ ಮುಖ ನೋಡೋಣವೆಂದು ಬಿಂದುವಿನ ಕಡೆ ತಿರುಗಿದೆ. ಅವಳು ಕೂತಲ್ಲೇ ಇದ್ದಳು, ಸೆರಗನ್ನು ಬಾಯಿಂದ ತೆಗೆದಿದ್ದಳು.

"ಚೆನ್ನಾಗೈತೆ," ಎಂದಳು. "ಇದು ನಂಗೊತ್ತಿಲ್ಲ ಅಂದ್ಕಂಡ್ಯಾ? ಎಷ್ಟು ಸಲ ನೋಡೀನಿ."

"ಗೊತ್ತಿದ್ದೂ ಯಾಕೆ ಹಂಗೆ ಅತ್ತೆ?"

"ನಕ್ಕಿದ್ದು ನೀನು, ಅದನ್ನ ನಗೋ ಹಂಗೇ ಮಾಡಿದೀನಿ. ಅತ್ತೋಳು ನೀನಲ್ಲ."

"ಮತ್ತ್ಯಾರು?"

"ನಾನು. ಸ್ಟೇಜ್ ಸೈಡಲ್ಲಿ ನಿನ್ನ ಬಟ್ಟೆ ಗಂಟಿನ ಪಕ್ಕ ನನ್ನ ಕೂರಿಸ್ತಿದ್ದೆ ನೀನು. ಅವ್ರು ಪಿನ್ ಹಿಡ್ಕಂಡು ನಿನ್ನ ಹತ್ರ ಬಂದಾಗೆಲ್ಲ ನಾನು ಅಳ್ತಿದ್ದೆ. ಸದ್ದು ಮೈಕಿಗೆ ಕೇಳ್ತೈತೆ, ಬಟ್ಟೆ ಬಾಯಿಗಿಟ್ಕಳೇ ಅಂದೋಳು ನೀನು. ನಂಗಾಗ ಆರು ವರ್ಷ."

ಮೆಲ್ಲಗೆ ಹೇಳಿದಳು, ಆದರೆ ಕಡೇ ಸಾಲಿನವರೆಗೂ ಕೇಳಿಸಿತು. ಹಾಗೆ ಅಂದದ್ದು ನನಗೆ ನೆನಪಿಲ್ಲ. ಅಂದಿಲ್ಲ ಎಂದು ಬಾಯಿ ತೆರೆದೆ, ಆದರೆ ನಾನು ಅನ್ನುವಂಥದೇ ಮಾತು ಅದು. ನನ್ನ ಎಂಟ್ರಿಗೆ ಹೊತ್ತಾಗಿರುತ್ತಿತ್ತು, ಮಗು ಅಳುತ್ತಿರುತ್ತಿತ್ತು, ಏನೋ ಒಂದು ಹೇಳಿ ಹೋಗಿರುತ್ತೇನೆ. ನಿದ್ದೆಗೆಟ್ಟು ಅಳುತ್ತಿದೆ ಎಂದುಕೊಂಡಿದ್ದೆ.

ಬಿಂದು ಇನ್ನೇನಾದರೂ ಹೇಳುತ್ತಾಳೆಂದು ಕಾದೆ. ಕೈಹಿಡಿಯುತ್ತಾಳೆ, ಅಮ್ಮಾ ಅನ್ನುತ್ತಾಳೆ ಎಂದು ಆಸೆಯಾಯಿತು, ನಾಟಕದಲ್ಲಾದರೆ ಹಾಗೇ ಆಗುತ್ತದೆ.

"ಕೆಳಗಿಳಿ," ಎಂದಳು. "ನಂದಿನ್ನೂ ಮುಗ್ದಿಲ್ಲ."

ಇಳಿದೆ. ಕೊಟ್ರಮ್ಮ ಸರಿದು ಜಾಗ ಬಿಟ್ಟಳು. ಮಗಳ ನಾಟಕವನ್ನು ನಾನು ನೋಡಲು ಕೂತದ್ದು ಆಗಲೇ.

ಬಿಂದು ಸೀರೆ ಬಿಚ್ಚಿ, ಉದ್ದಕ್ಕೆ ಮಡಿಸಿ ಸ್ಟೂಲಿಗೆ ಒರಗಿಸಿದಳು. ನಾಟಕ ಮುಗಿಸಿಕೊಂಡು ಟೆಂಪೋದಲ್ಲಿ ವಾಪಸು ಬರುವಾಗ ನಿದ್ದೆಹೋದ ತಾಯಿ ಅದು. ಬಿಂದು ಮಂಡಿಯೂರಿ, ಗಾಡಿ ಕುಲುಕಿದಂತೆ ತಾನೂ ಕುಲುಕುತ್ತಾ, ಸೆರಗಿನ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಒಂದು ಬಿಚ್ಚುವುದು, ತಾಯಿ ಎದ್ದಳೇ ಎಂದು ತಲೆಯೆತ್ತಿ ನೋಡುವುದು. ಬಿಚ್ಚಿದ್ದನ್ನು ತನ್ನ ಚೂಡಿದಾರಕ್ಕೆ ಸಿಕ್ಕಿಸಿಕೊಳ್ಳುವುದು. ತಾಯಿಯ ಮೈಗೆ ಅವು ಚುಚ್ಚಬಾರದೆಂದು ಅಷ್ಟು ಜೋಪಾನ. ಒಂದು ಪಿನ್ನು ಅವಳ ಬೆರಳಿಗೇ ಚುಚ್ಚಿತು. ಕೈ ಕೊಡವಿದಳು, ಬೆರಳನ್ನು ಬಾಯಿಗಿಟ್ಟುಕೊಂಡಳು.

ಆಗ ನಿದ್ದೆಗಣ್ಣಿನಲ್ಲೇ ತಾಯಿ ಮಾತಾಡಿದಳು. ದನಿ ಬಿಂದುವಿನ ಬಾಯಿಂದಲೇ ಬಂತು, ಜೋರಾಗಿ, ಕಡೇ ಸಾಲಿನ ಮುದುಕಿಗೂ ಕೇಳಿಸುವಂತೆ.

"ಲೇ, ಸೀರೆ ಹರಿದೀತು, ಹುಷಾರು."

ಅದು ನನ್ನದೇ ದನಿ. ನಾನು ಆ ದನಿಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಂಡೆ, ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಹುಡುಕಿದೆ. ಒಂದು ತಪ್ಪೂ ಸಿಗಲಿಲ್ಲ.