ಸಹಿ ಬಿದ್ದ ಅರ್ಪಣೆಯ ಪುಟ

ಸುರಬಾಯ ನಗರದಲ್ಲಿ ವಿಶ್ವವಿದ್ಯಾಲಯದ ಹಿಂದಿನ ಗೇಟಿನೆದುರು ನನ್ನ ಬೈಂಡಿಂಗ್ ಅಂಗಡಿ. ಹುಡುಗರ ಪದವಿ ಪ್ರಬಂಧಗಳಿಗೆ ರಟ್ಟು ಹಾಕುವುದು ಕೆಲಸ. ಹೊಸ್ನಿಯಾ ಎಂಬ ವಿದ್ಯಾರ್ಥಿನಿ ತಂದ ಮೊದಲ ಕರಡನ್ನು ನಾನು ಓದಿದ್ದೆ. ಮದುರಾ ದ್ವೀಪದ ಉಪ್ಪಿನ ಗದ್ದೆಯಲ್ಲಿ ಅವಳಪ್ಪ ಸುನಾಹ್ವಿಯವರು ನೀರನ್ನು ನಾಲಗೆಗೆ ಹಚ್ಚಿ, ‘ಇನ್ನೆರಡು ಬಿಸಿಲು ಬೇಕು’ ಎನ್ನುವುದು ಅದರಲ್ಲಿತ್ತು. ಓದುತ್ತಾ ನನ್ನ ಬಾಯಿಯೂ ಉಪ್ಪುಪ್ಪಾಗಿತ್ತು.

ಅವಳ ಮೇಷ್ಟ್ರು ವಿರಾತ್ನೋ ಕೆಟ್ಟವರಲ್ಲ. ಮೊದಲು ಅಚ್ಚು, ಸ್ವಂತ ಮಾತು ಆಮೇಲೆ ಎಂದು ನಂಬಿದವರು. ಅವರೂ ಹಾಗೇ ಕಲಿತವರು. ಹತ್ತು ವರ್ಷ ಹಳೆಯ ಒಂದು ಪ್ರಬಂಧವನ್ನು ಮಾದರಿಯೆಂದು ನನ್ನ ಕಂಪ್ಯೂಟರಿನಲ್ಲಿ ಇಡಿಸಿದ್ದರು.

“ಏಳನೇ ಸಲ ವಾಪಸ್ ಬಂತಜ್ಜಿ,” ಎಂದಳು ಹೊಸ್ನಿಯಾ.

“ಓದಿದ್ರಾ?”

“ಎಲ್ಲಿ! ದರ್ಜಿ ಥರ ಮಾದರಿ ಪಕ್ಕ ಇಟ್ಟು ಅಳತೆ ನೋಡ್ತಾರೆ. ‘ನಿಮ್ಮಪ್ಪನ ನಾಲಗೆ ಯಾವ ಅಧ್ಯಾಯಕ್ಕೆ ಬರುತ್ತಮ್ಮ?’ ಅಂದ್ರು.”

ಮೇಷ್ಟ್ರು ಅಂಗಡಿಗೆ ಬಂದಾಗ, ಹಿಂದೆ ರಾತ್ರಿಶಾಲೆಯಲ್ಲಿ ಕಲಿಸಿದವಳಾದ ನಾನೂ ‘ಅವಳ ಮಾತಲ್ಲೇ ಬರೆಯೋಕೆ ಬಿಡಿ’ ಎಂದೆ. “ನಿಮ್ಮ ರಾತ್ರಿಶಾಲೇಲಿ ಏನು ಬೇಕಾದ್ರೂ ಬರೀರಿ ಅಂತಿದ್ರೇನೋ ಅಮ್ಮಾ,” ಎಂದು ನಕ್ಕರು. “ಗೋಡೆ ಎಬ್ಬಿಸದೆ ಬಣ್ಣ ಬಳಿಯೋಕಾಗುತ್ತಾ?”

ಕೊನೆಗೆ ಹೊಸ್ನಿಯಾ ಮಾದರಿಯನ್ನೇ ತೆರೆದು, ಹೆಸರು ಅಂಕಿ ಬದಲಿಸಿ ವಾರದಲ್ಲಿ ಮುಗಿಸಿದಳು. ಪುಟಪುಟಕ್ಕೂ ಸಹಿ ಬಿತ್ತು. “ಈಗ ನೀನು ಬರೆಯೋದು ಕಲಿತೆ” ಎಂದರಂತೆ ಮೇಷ್ಟ್ರು.

ಹೊಲಿಯುವಾಗ ಅರ್ಪಣೆಯ ಪುಟ ಕಣ್ಣಿಗೆ ಬಿತ್ತು: ‘ದಿವಂಗತ ತಂದೆ ಸುನಾಹ್ವಿಯವರಿಗೆ, ಅವರ ಆತ್ಮಕ್ಕೆ ಶಾಂತಿ ಸಿಗಲಿ.’ ಮಾದರಿ ಬರೆದವನ ಅಪ್ಪ ತೀರಿಕೊಂಡಿದ್ದ; ಇವಳು ಹೆಸರು ಮಾತ್ರ ಬದಲಿಸಿದ್ದಳು.

“ಅಯ್ಯೋ, ನಿಮ್ಮಪ್ಪ ಗುಂಡುಕಲ್ಲಿನ ಹಾಗಿದ್ದಾರಲ್ಲೇ!”

ಅವಳ ಮುಖ ಬಿಳಿಚಿತು. “ಪುಟ ಬದಲಿಸಿದ್ರೆ ಮತ್ತೆ ಸಹಿ ಬೇಕು. ಮೇಷ್ಟ್ರು ಹಜ್‌ಗೆ ಹೋದ್ರು. ನಾಳೆ ಕೊನೆ ದಿನ.”

“ಮನೆಗೊಯ್ಯೋ ಪ್ರತಿಯಲ್ಲಾದ್ರೂ ಬದಲಿಸೋಣ.”

“ಅಪ್ಪಂಗೆ ಸಹಿ ಇರೋದೇ ಬೇಕು, ಊರವರಿಗೆ ತೋರಿಸೋಕೆ.” ಪುಟವನ್ನು ನನ್ನತ್ತ ಸರಿಸಿದಳು. “ಬಿಡಿ ಅಜ್ಜಿ. ಇದರಲ್ಲಿ ನಾನೇ ಇಲ್ಲ. ಅಪ್ಪ ಇದ್ದರೆಷ್ಟು, ಬಿಟ್ಟರೆಷ್ಟು?”

ನಾನು ಹೊಲಿದೆ.

ಪದವಿ ಪ್ರದಾನದ ದಿನ ಸುನಾಹ್ವಿಯೇ ಪ್ರತಿ ಒಯ್ಯಲು ಬಂದರು. ಹೊಸ್ನಿಯಾ ಗೇಟಿನ ಬಳಿಯೇ ನಿಂತಳು. ಅವರು ಉಪ್ಪಿನಿಂದ ಬಿರಿದ ಬೆರಳನ್ನು ಅರ್ಪಣೆಯ ಪುಟದ ಮೇಲಿಟ್ಟು ನಿಧಾನವಾಗಿ ಓದಿದರು. ಮತ್ತೊಮ್ಮೆ ಓದಿದರು.

“ಇದನ್ನ ಮೇಷ್ಟ್ರು ನೋಡಿದ್ದಾರಾ?”

ಕೆಳಗಿದ್ದ ಸಹಿ ತೋರಿಸಿದೆ.

“ಹಾಗಾದ್ರೆ ಸರಿಯೇ ಇರಬೇಕು,” ಎಂದು ರಟ್ಟನ್ನು ಉಟ್ಟಿದ್ದ ಸರೋಂಗು ಲುಂಗಿಯ ಅಂಚಿನಿಂದ ಒರೆಸಿ, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡರು.