ಒಂಬತ್ತನೆಯ ಚೌಕದ ಕಳ್ಳಿ

"ಕಳ್ಳರ ಮುಖ ಇಷ್ಟು ಚೆಂದ ಬರೀತಾರೇನೇ? ನಿಮ್ಮ ಕೇರಿಯೋರ ಥರ ಬರಿ. ಮಾದರಿ ಹುಡುಕ್ಕೊಂಡು ದೂರ ಹೋಗ್ಬೇಕಾ? ಮನೇಲೇ ಬಿದ್ದಿದ್ದಾವಲ್ಲ!"

ಸ್ಮಾರಕ ಸಮಿತಿಯ ಅಧ್ಯಕ್ಷ ಕೆಳಗೆ ನಿಂತು ಕೂಗಿದ. ಅವನ ಹಿಂದಿದ್ದ ದೊಣ್ಣೆ ಹುಡುಗರು ಹೋ ಎಂದು ನಕ್ಕರು. ನಾನು ಏಣಿಯ ಮೇಲೆ ಕುಂಚ ಹಿಡಿದು ನಿಂತಿದ್ದೆ. ನಗು ಬರದಿದ್ದರೂ ಹಲ್ಲು ಕಿರಿದೆ. ಹೊಟ್ಟೆಪಾಡು.

ಕುದುರೆಯ ಮೇಲೆ ಕೂತ ದೊರೆಯ ಪ್ರತಿಮೆಗೆ ಹೊಸ ಕಟ್ಟೆ ಏಳುತ್ತಿತ್ತು. ಆ ಪ್ರತಿಮೆ ಇರಬೇಕೋ ಬೇಡವೋ ಎಂದು ಊರೇ ಎರಡು ಹೋಳಾಗಿತ್ತು. ಸುತ್ತ ನಿಲ್ಲಿಸಿದ ತಗಡಿನ ಬೇಲಿಯ ಮೇಲೆ ದೊರೆಯ ಕಥೆಯನ್ನು ಹನ್ನೆರಡು ಚೌಕದ ಕಾಮಿಕ್ಸ್ ಮಾಡಿ ಬರೆಯುವುದು ನನ್ನ ಕೆಲಸ. ಶಾಲೆಯ ಮಕ್ಕಳು ಸಾಲಾಗಿ ಬಂದು ಓದಬೇಕಂತೆ. ಒಂಬತ್ತನೆಯ ಚೌಕದಲ್ಲಿ ದೊರೆ ಕಳ್ಳರ ಕೇರಿಯನ್ನು ಸುಟ್ಟು ನಾಡನ್ನು ಕಾಪಾಡುತ್ತಾನೆ. ಆ ಕೇರಿ ನಮ್ಮದು.

ನಿಜವಾದ ಕೈಚಳಕ ನನ್ನ ತಮ್ಮನದು. ಕೇರಿ ಸುಟ್ಟ ಕಥೆಯನ್ನು ನಮ್ಮ ಕಡೆಯಿಂದ ಎಂಟು ಪುಟದ ಕಾಮಿಕ್ಸ್ ಮಾಡಿ, ಜೆರಾಕ್ಸ್ ಹೊಡೆಸಿ, ಬಸ್ ನಿಲ್ದಾಣದಲ್ಲಿ ಹಂಚಿದ್ದ. ಇದೇ ದೊಣ್ಣೆ ಹುಡುಗರು ಅವನ ಬಲಗೈಯನ್ನು ಅಲ್ಲೇ ಕಲ್ಲುಬೆಂಚಿನ ಮೇಲಿಟ್ಟು ಜಜ್ಜಿದರು. ಈಗ ಅಂಗಿಯ ಗುಂಡಿ ಹಾಕುವುದಕ್ಕೂ ಅವನಿಗೆ ಅವ್ವ ಬೇಕು.

"ಒಬ್ಬನ ಕೈ ಹೋಯ್ತು, ನಿನ್ನದಾದ್ರೂ ಉಳೀಲಿ. ಅವರು ಹೇಳಿದ್ದು ಬರ್ದು ತೆಪ್ಪಗೆ ಬಾ," ಎಂದಿದ್ದಳು ಅವ್ವ. ಅವಳೂ ಅದೇ ಕಟ್ಟೆಗೆ ಗಾರೆ ಹೊರುತ್ತಿದ್ದಳು.

ತೆಪ್ಪಗೆ ಹಳೆಯ ಮುಖ ಅಳಿಸಿ ಹೊಸದು ಬರೆದೆ. ಎದುರಿಗೆ ಮಾದರಿ ಇಲ್ಲದಿದ್ದರೆ ಕುಂಚ ತನಗೆ ಗೊತ್ತಿರುವ ಮುಖದ ಕಡೆಗೇ ಹೋಗುತ್ತದೆ. ಗೆರೆ ಹಾಕುವಾಗ ತಿಳಿಯಲಿಲ್ಲ, ಬಣ್ಣ ತುಂಬುವಾಗಲೂ ತಿಳಿಯಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಲು ಬಂದ ಅವ್ವ ತಗಡಿನ ಮುಂದೆ ನಿಂತುಬಿಟ್ಟಳು.

"ಇವಳು ನಾನಲ್ಲೇನೇ?"

ನೋಡಿದೆ. ಹಳೆಯ ಗಾಯದಿಂದ ತುಂಡಾದ ಹುಬ್ಬು, ಮೂಗಿನ ಪಕ್ಕದ ಮಚ್ಚೆ, ಎಲ್ಲ ಅವಳದೇ.

"ನನ್ ಕೈಗೆ ಕತ್ತಿ ಕೊಟ್ಟಿದ್ದೀಯಲ್ಲೇ ಮುಂಡೇದೆ! ನಾನು ಯಾರ ಮನೆ ದೋಚಿದ್ನೇ?"

"ಬೇಕಂತ ಮಾಡಿದ್ದಲ್ಲ ಅವ್ವಾ..."

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಅವ್ವ ಗಾರೆ ಮೆತ್ತಿದ ಬೆರಳಿನಿಂದ ಚಿತ್ರದ ಹೆಂಗಸಿನ ಬಾಯಿ ಮುಟ್ಟಿದಳು.

"ಎಲ್ಲರ ಬಾಯಿಂದ್ಲೂ ಮಾತಿನ ಬಲೂನು ಬಿಟ್ಟಿದ್ದೀಯ. ಕುದುರೆ ಕೆನೆಯೋದಕ್ಕೂ ಒಂದಿದೆ. ಇವಳಿಗೆ ಯಾಕಿಲ್ಲ?"

"ಕಳ್ಳರಿಗೆ ಮಾತು ಬೇಡ ಅಂದ್ರು."

ಅವ್ವ ಗಾರೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ನಮ್ಮಜ್ಜಿ ಹೇಳ್ತಿದ್ಲು. ಅವತ್ತು ಎಲ್ಲರೂ ಮಲಗಿದ್ರಂತೆ. ಬೆಂಕಿ ಅಂತ ಬಾಗಿಲಿಗೆ ಓಡಿದ್ರೆ ಹೊರಗಿಂದ ಚಿಲಕ. ಮೊದಲು ಆ ಕತ್ತಿ ಅಳಿಸು. ಆಮೇಲೆ ಇದನ್ನ ಬರಿ."

"ಕೈ ಮುರೀತಾರೆ ಅವ್ವಾ."

"ಗೊತ್ತು ಕಣೇ. ನಿನ್ನ ಕೈ ಉಳಿಸೋಕೆ ಹೋಗಿ ನಾನು ಕಳ್ಳಿ ಆದೆ. ಏಣಿ ಹಿಡ್ಕೋತೀನಿ, ಹತ್ತು."

ಸುಳ್ಳು ಯಾಕೆ ಹೇಳಲಿ, ಹೆದರಿಕೆಯಿತ್ತು. ಆದರೂ ಹತ್ತಿದೆ. ಕತ್ತಿಯನ್ನು ಮಣ್ಣುಬಣ್ಣದಿಂದ ಮುಚ್ಚಿದೆ. ಅವಳ ಬಾಯಿಯಿಂದ ದೊರೆಯ ಕುದುರೆಯ ತನಕ ಒಂದು ದೊಡ್ಡ ಬಿಳಿ ಬಲೂನು ಎಳೆದೆ.

"ಏಯ್, ಏನೇ ಅದು?" ದೊಣ್ಣೆ ಹುಡುಗನೊಬ್ಬ ಓಡಿ ಬಂದ. ಹಿಂದೆಯೇ ಅಧ್ಯಕ್ಷನೂ ಬಂದ. "ಇಳಿಯೇ ಲೌಡಿ! ತಮ್ಮನ ಗತಿ ಮರೆತ್ಯಾ?"

"ಮರೆತಿಲ್ಲ," ಎಂದೆ. ದನಿ ಕೀರಲಾಗಿತ್ತು. ಬರೆಯುತ್ತಾ ಹೋದೆ.

ಕಟ್ಟೆಯ ಆಳುಗಳೆಲ್ಲ ಕೆಲಸ ಬಿಟ್ಟು ನೆರೆದರು. ಓದು ಬಲ್ಲ ಗಾರೆಯವನೊಬ್ಬ ಉಳಿದವರಿಗೆ ಕೇಳುವಂತೆ ಓದಿದ: "ನಾವು ಮಲಗಿದ್ವಿ. ಹೊರಗಿಂದ ಚಿಲಕ ಹಾಕಿದ್ದು ಯಾರು?"

ಕಲ್ಲು ಕೆತ್ತುವ ಮುದುಕ ಅಧ್ಯಕ್ಷನ ಕಡೆ ತಿರುಗಿ, "ಹೌದಲ್ಲ ಸ್ವಾಮಿ, ಯಾರು?" ಎಂದ.

"ಅಳಿಸೇ ಅದನ್ನ, ಬೋಳಿಮಗಳೇ!" ಅಧ್ಯಕ್ಷ ಏಣಿಗೆ ಒದ್ದ. ಅವ್ವ ಏಣಿಯನ್ನು ಅಪ್ಪಿ ನಿಂತಿದ್ದಳು. ಒದೆತ ಅವಳ ಪಕ್ಕೆಗೆ ಬಿತ್ತು. ಹಿಡಿತ ಬಿಡಲಿಲ್ಲ.

"ಚಿತ್ರದಲ್ಲಿ ಅವಳ ಪಕ್ಕದವನಿಗೂ ಬಾಯಿದೆ ಕಣೇ," ಎಂದಳು ಏದುತ್ತಾ. "ಅವನದೂ ಬರಿ."

ಕುಂಚವನ್ನು ಬಿಳಿ ಬಣ್ಣಕ್ಕೆ ಅದ್ದಿದೆ.